ಹುರಿಹಿಟ್ಟಿನ ಹಳೇ ನಂಬರು

ಅಜ್ಜಂಪುರದಲ್ಲಿ ನಮ್ಮದು ಹುರಿಹಿಟ್ಟಿನ ವ್ಯಾಪಾರ. ನಮ್ಮದು ಅಂದರೆ ನಮ್ಮತ್ತೆಯದು. ನಾನು ಕವರಿಗೆ ತುಂಬಿ ಸೀಲು ಹಾಕುವವಳು, ಕಾಗದಪತ್ರ ನೋಡಿಕೊಳ್ಳುವವಳು, ಬೈಸಿಕೊಳ್ಳುವವಳು. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ಇಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ, ಬೀಸಿ, ಜರಡಿ ಹಿಡಿದು ಮಾಡುವ ಹಿಟ್ಟು ಅದು. ಅರಳಿಸುವ ಕೆಲಸವನ್ನು ಅತ್ತೆ ಇನ್ನೊಬ್ಬರ ಕೈಗೆ ಬಿಟ್ಟವರಲ್ಲ. "ನಿಂಗೆ ಅವಸರ ಕಣೇ. ನಿನ್ ಕೈಲಿ ರಾಗಿ ಅರಳಲ್ಲ, ಸೀದೋಗುತ್ತೆ" ಅನ್ನುತ್ತಾರೆ. ಅದು ನಿಜವೇ. ನನಗೆ ಒಲೆಯ ಮುಂದೆ ತಾಳ್ಮೆ ಕಡಿಮೆ, ಕಚೇರಿಯ ಮುಂದೆ ಇಲ್ಲವೇ ಇಲ್ಲ.

ಈ ವ್ಯಾಪಾರಕ್ಕೆ ಸರ್ಕಾರದಲ್ಲಿ ಸಣ್ಣ ಉದ್ಯಮ ಅಂತ ನೋಂದಣಿ ಮಾಡಿಸಿದ್ದು ಅತ್ತೆಯ ಹೆಸರಿನಲ್ಲೇ. ಅಜ್ಜಂಪುರ ಹೊಸದಾಗಿ ತಾಲ್ಲೂಕಾಗಿತ್ತು, ಆದರೆ ನಮ್ಮ ಬಾಯಲ್ಲಿ ಇನ್ನೂ ತರೀಕೆರೆ ತಾಲ್ಲೂಕೇ ಇತ್ತು. ಬಾಯಲ್ಲಿದ್ದದ್ದು ಕಾಗದಕ್ಕೂ ಹೋಯಿತು. ಅದೇ ಸಮಯಕ್ಕೆ ಅತ್ತೆ ತರೀಕೆರೆಯ ಪ್ರೆಸ್ಸಿನಲ್ಲಿ ಕವರು ಅಚ್ಚು ಹಾಕಿಸಿದರು. ಜಾಸ್ತಿ ಹಾಕಿಸಿದರೆ ಕಡಿಮೆಗೆ ಬೀಳುತ್ತದೆ ಎಂದು ಪ್ರೆಸ್ಸಿನವನು ಹೇಳಿದ್ದೇ ತಡ, ಅಟ್ಟ ತುಂಬುವಷ್ಟು ಹಾಕಿಸಿಬಿಟ್ಟರು. ಪ್ರತಿ ಕವರಿನ ಮೇಲೂ ತರೀಕೆರೆ ತಾಲ್ಲೂಕು, ಕೆಳಗೆ ಅತ್ತೆಯ ಫೋನ್ ನಂಬರು.

ಆಮೇಲೆ ಆ ಫೋನು ಒಂದು ದಿನ ಅತ್ತೆಯ ಸೊಂಟದಿಂದ ಜಾರಿ ನೀರಿನ ಹಂಡೆಗೆ ಬಿತ್ತು, ಸಿಮ್ಮೂ ಕೆಟ್ಟಿತು. ಹಳೇ ಸಿಮ್ಮು ಯಾರ ಹೆಸರಿನಲ್ಲಿತ್ತೋ ಯಾರಿಗೂ ನೆನಪಿರಲಿಲ್ಲವಾದ್ದರಿಂದ ಅದೇ ನಂಬರು ಮತ್ತೆ ಸಿಗಲಿಲ್ಲ. ಹೊಸ ಫೋನು, ಹೊಸ ನಂಬರು ಬಂತು. ಕಾಗದದಲ್ಲಿ ನಂಬರು, ತಾಲ್ಲೂಕು ಎರಡನ್ನೂ ತಿದ್ದಿಸಿಬಿಡೋಣ, ಕವರಿಗೆ ಹೊಸ ನಂಬರಿನ ಚೀಟಿ ಅಂಟಿಸೋಣ ಎಂದು ನಾನು ಹೇಳಿದೆ.

"ಮೇಲೆ ಚೀಟಿ ಅಂಟ್ಸಿದ್ರೆ ಹಳೇ ಮಾಲು ಅಂತಾರೆ ಕಣೇ" ಎಂದರು ಅತ್ತೆ. "ಕವರ್ ಮುಗೀಲಿ. ಕಾಗದಾನೂ ಆಗ್ಲೇ ತಿದ್ಸು. ಕವರ್ನಾಗೊಂದು, ಕಾಗದದಾಗೊಂದು ಇದ್ರೆ ಯಾರಾದ್ರೂ ಬಂದು ಕೇಳ್ತಾರೆ."

ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ? ನಾನು ಪಟ್ಟು ಬಿಟ್ಟೆ. ಕವರು ಮುಗಿಯಲೇ ಇಲ್ಲ. ಮುಗಿಯುವುದಿರಲಿ, ವರ್ಷ ಕಳೆದಂತೆ ಅಟ್ಟದಿಂದ ಕೆಳಗಿಳಿಯುವ ಕಟ್ಟುಗಳೇ ಕಡಿಮೆಯಾದವು. ಮೊದಲು ಬೀರೂರು, ಕಡೂರಿನಿಂದೆಲ್ಲ ಜನ ಫೋನ್ ಮಾಡಿ, ಬಾಣಂತಿಗೆ, ಮಕ್ಕಳಿಗೆ, ಸಕ್ಕರೆ ಕಾಯಿಲೆಯ ತಂದೆಗೆ ಅಂತ ಹೇಳಿ ಬಸ್ಸಿನಲ್ಲಿ ತರಿಸಿಕೊಳ್ಳುತ್ತಿದ್ದರು. ಈಗ ಊರಿನ ಎರಡು ಅಂಗಡಿಯವರು ಬಿಟ್ಟರೆ ಕೇಳುವವರಿಲ್ಲ. ಹಳೇ ನಂಬರು ಸತ್ತೇಹೋಗಿದೆ, ಬೇಕಾದವರು ಅಂಗಡಿಯಲ್ಲಿ ವಿಚಾರಿಸಿ ಹೊಸ ನಂಬರು ತಗೋತಾರೆ ಎಂದು ನಾವಿಬ್ಬರೂ ನಂಬಿದ್ದೆವು. ಯಾರೂ ವಿಚಾರಿಸದಿದ್ದಾಗ ಅತ್ತೆ ಅದಕ್ಕೊಂದೇ ಅರ್ಥ ಕಟ್ಟಿದರು.

"ಈಗಿನೋರಿಗೆ ಚಿತ್ರ ಇರೋ ಡಬ್ಬಾನೇ ಬೇಕು. ನಮ್ದು ಯಾರಿಗ್ ಬೇಕೇ? ನಿಲ್ಸಿಬಿಡೋಣ."

ಹೀಗೆನ್ನುವಾಗ ಅವರು ಬಲಭುಜ ಒತ್ತಿಕೊಳ್ಳುತ್ತಿದ್ದರು. ಬಾಣಲೆಯಲ್ಲಿ ಕೈಯಾಡಿಸಿ ಆಡಿಸಿ ಆ ಭುಜ ಮೇಲೇಳದಂತಾಗಿತ್ತು. ಆದರೆ ನೋವಿಗೆ ಹೆದರಿ ಬಿಡುವ ಜೀವ ಅದಲ್ಲ. ಬೇಡವಾದೆ ಅನ್ನಿಸಿತ್ತಲ್ಲ, ಅದು ಅವರನ್ನು ಕುಗ್ಗಿಸಿತ್ತು. ಒಲೆ ಹಚ್ಚದ ದಿನ ಅತ್ತೆ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ನನ್ನನ್ನು ಬೈಯುವುದನ್ನೂ ಬಿಟ್ಟರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಹುರಿಯುವ ಯಂತ್ರಕ್ಕೆ ಸಬ್ಸಿಡಿ ಸಾಲ ಇದೆ ಎಂದು ಗೊತ್ತಾಗಿ ನಾನು ಬ್ಯಾಂಕಿಗೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ನೋಂದಣಿ ಪತ್ರ ನೋಡಿ, "ತಾಲ್ಲೂಕು ತಪ್ಪಿದೆ, ಈ ನಂಬರು ನಿಮ್ಮದಲ್ಲ ಅಂತೀರಿ. ಎರಡೂ ತಿದ್ದಿಸಿಕೊಂಡು ಬನ್ನಿ, ಈ ತಿಂಗಳೇ ಕೊನೆ" ಎಂದಳು. ಅತ್ತೆಯನ್ನು ಹೊರಡಿಸಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿಗೆ ಹೋದೆ. ಸೆಂಟರಿನವನು ಕೀಲಿ ಒತ್ತಿ ಒತ್ತಿ ಕೊನೆಗೆ ಕೈ ಚೆಲ್ಲಿದ.

"ಓಟಿಪಿ ಹಳೇ ನಂಬರ್‌ಗೆ ಹೋಯ್ತದೆ ಅಕ್ಕ. ಅದಿಲ್ದೆ ಏನೂ ತಿದ್ದಕ್ಕಾಗಲ್ಲ. ಇಲ್ಲಾಂದ್ರೆ ಜಿಲ್ಲಾ ಆಫೀಸಿಗೆ ಅರ್ಜಿ ಹಾಕಿ ಕಾಯ್ಬೇಕು."

ಅತ್ತೆ ಮುಂದೆ ಬಾಗಿ ಕೇಳಿದರು. "ಈ ನೋಂದಣೀನೇ ರದ್ದು ಮಾಡ್ಸಕ್ಕೆ ಏನ್ ಬೇಕಪ್ಪಾ?"

"ಅದಕ್ಕೂ ಅದೇ ಓಟಿಪಿ ಬೇಕು ಅಜ್ಜಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಜೋಡಿ. ನಾನು ಸಿಟ್ಟಿನಲ್ಲಿ ಅಲ್ಲೇ ನಿಂತು ಆ ಸತ್ತ ನಂಬರಿಗೆ ಫೋನ್ ಮಾಡಿದೆ. ಅದು ರಿಂಗಾಯಿತು.

"ಯಾರ್ರೀ?" ಎಂದಿತು ಒಂದು ಗಂಡಸಿನ ದನಿ. ಯಾರೂ ಬಳಸದ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುತ್ತಾರಂತೆ. ಅದು ನನಗೆ ಗೊತ್ತಾದದ್ದು ಆವತ್ತೇ. ಆತ ದೇವನೂರಿನವರು, ತೆಂಗಿನ ತೋಟ ಇಟ್ಟುಕೊಂಡವರು. ನಾನು ನಮ್ಮ ಕಷ್ಟವನ್ನೆಲ್ಲ ಹೇಳಿ, ಈಗೊಂದು ಓಟಿಪಿ ಬರುತ್ತೆ, ಓದಿ ಹೇಳಿ ಎಂದೆ. ಆತ ನಕ್ಕರು.

"ನಾನೇನ್ ನಿನ್ನೆ ಹುಟ್ಟಿದೋನಾ ತಾಯಿ? ಓಟಿಪಿ ಯಾರ್ಗೂ ಹೇಳ್ಬೇಡಪ್ಪ ಅಂತ ನನ್ ಮಗಳು ಆಣೆ ಇಡಿಸ್ಕಂಡವ್ಳೆ. ನೀವು ನಿಜ್ವಾದೋರೇ ಆದ್ರೆ ಮನೇಗ್ ಬನ್ನಿ. ಮುಖ ನೋಡಿ ಹೇಳ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಆತ ಹೇಳಿದ್ದರಲ್ಲಿ ತಪ್ಪೇನಿದೆ? ಅಲ್ಲಿಯೇ ಕುಳಿತು ನನ್ನ ಮೊಬೈಲಿನಲ್ಲೇ ತಿದ್ದುವುದು ಹೇಗೆಂದು ಸೆಂಟರಿನವನ ಹತ್ತಿರ ಕಲಿತುಕೊಂಡೆ. ರದ್ದು ಮಾಡುವುದು ಎಲ್ಲಿದೆ ಎಂಬುದನ್ನೂ ತೋರಿಸಲು ಅತ್ತೆ ಅವನಿಗೆ ಹೇಳಿದರು. ಮಾರನೇ ದಿನ ಬೀರೂರಿಗೊಂದು ಬಸ್ಸು, ಕಡೂರಿಗೊಂದು, ಅಲ್ಲಿಂದ ದೇವನೂರಿಗೆ ಇನ್ನೊಂದು. ತಿದ್ದೋದೋ ರದ್ದೋ ಎಂದು ಮನೆಯಲ್ಲೇ ಸಾಕಷ್ಟು ಕಿತ್ತಾಡಿದ್ದೆವು. "ಅಲ್ಲಿಗೆ ಹೋದ್ಮೇಲೆ ನೋಡೋಣ, ನನ್ ಹೆಸರಲ್ಲಿರೋದು ಅದು" ಎಂದು ಅತ್ತೆ ಮಾತು ಮುಗಿಸಿದ್ದರು. ಹೆಸರು ಅವರದೇ ಆದ್ದರಿಂದ ನಾನೂ ಒಪ್ಪಿಕೊಂಡೆ.

ಮನೆ ಸಿಕ್ಕಿತು. ಅರವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲ್ಲು. ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಕೂತ್ಕೊಳ್ಳಿ ಎಂದರು. ಅವರ ಹೆಂಡತಿ ನೀರು ಕೊಟ್ಟರು. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವವರಲ್ಲ ನಮ್ಮತ್ತೆ. ಚೀಲದಿಂದ ಹುರಿಹಿಟ್ಟಿನ ಎರಡು ಪ್ಯಾಕೆಟ್ ತೆಗೆದು ಆಯಮ್ಮನ ಕೈಗಿಟ್ಟರು. ಗಂಡ ಅದನ್ನು ಕಸಿದುಕೊಂಡಂತೆ ತೆಗೆದುಕೊಂಡು, ಕಣ್ಣಿನಿಂದ ದೂರ ಹಿಡಿದು, ಕೆಳಗಿದ್ದ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು.

"ಇದೇನಾ ಆ ಹಿಟ್ಟು?" ಎಂದರು. "ಇದ್ರಿಂದ ನಂಗೆ ಮಧ್ಯಾಹ್ನದ ನಿದ್ದೆ ಇಲ್ಲ ಕಣ್ರೀ. ಹಿಟ್ಟು ಕಳ್ಸಿ, ಹಿಟ್ಟು ಕಳ್ಸಿ ಅಂತ ಒಂದೇ ಸಮ. ಮೊದ್ಲೆಲ್ಲ ರಾಂಗ್ ನಂಬರ್ ಅಂತ ಇಡ್ತಿದ್ದೆ. ಬಿಡ್ತಾರಾ? ಅಜ್ಜಿ ಇದಾರಾ, ಅಜ್ಜಿಗ್ ಕೊಡಿ ಅಂತಾರೆ."

ಅತ್ತೆ ಲೋಟ ಕೆಳಗಿಟ್ಟರು. "ಯಾವಾಗ ಇದು?"

"ಯಾವಾಗ ಏನು, ಈಗ್ಲೂ ಮಾಡ್ತಾರೆ. ಕಡೂರಲ್ಲಿ ಒಬ್ರು ಟೀಚರಮ್ಮ ಇದಾರೆ, ಅವ್ರಂತೂ ಜಪ್ಪಯ್ಯ ಅಂದ್ರೂ ಬಿಡಲ್ಲ. ಎತ್ಬಾರ್ದು ಅಂತ ಅವ್ರ ನಂಬರ್‌ನ ಹಿಟ್ಟು ಅಂತ್ಲೇ ಹಾಕ್ಕಂಡಿದೀನಿ."

ಆತನ ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಅತ್ತೆಯ ಮುಖ ನೋಡಿದೆ. ಅವರ ಕಣ್ಣು ಆ ಫೋನಿನ ಮೇಲೇ ಇತ್ತು.

"ಆ ಟೀಚರಮ್ಮಂಗೆ ಒಂದ್ ಫೋನ್ ಹಚ್ಕೊಡಪ್ಪಾ" ಎಂದರು ಮೆಲ್ಲಗೆ.

ಆತ ಹಚ್ಚಿ ಸ್ಪೀಕರ್ ಹಾಕಿ ಕೊಟ್ಟರು. ಆ ಕಡೆಯಿಂದ ಹೆಂಗಸಿನ ದನಿ ಬೇಸರದಲ್ಲೇ "ಹೇಳಿ" ಎಂದಿತು. ಅತ್ತೆ ತಾನು ಯಾರೆಂದು ಹೇಳಿದರು. ಆ ದನಿ ಥಟ್ಟನೆ ಬದಲಾಯಿತು.

"ಅಜ್ಜಿ, ನೀವಾ? ನಮ್ಮಮ್ಮ ಕಾಯಿಲೆ ಬಿದ್ದಾಗ ಆರು ತಿಂಗಳು ನಿಮ್ ಹಿಟ್ಟೇ ಕುಡಿದು ಎದ್ದಿದ್ದು. ಬೇರೆ ಯಾವ್ದು ಕೊಟ್ರೂ ಬೇಡ ಅಂತಾರೆ. ನೀವು ವ್ಯಾಪಾರ ನಿಲ್ಲಿಸಿಬಿಟ್ರಿ ಅಂತ ಯಾರೋ ಹೇಳಿದ್ರಲ್ಲ?"

ವರ್ಷದಿಂದ ದಿನಾ ಬೆಳಗಾದರೆ ನಿಲ್ಲಿಸೋಣ, ನಿಲ್ಲಿಸೋಣ ಎಂದು ನನ್ನ ತಲೆ ತಿನ್ನುತ್ತಿದ್ದ ನಮ್ಮತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು.

"ಯಾವನು ಹೇಳಿದ್ದು ನಿಲ್ಸಿದೀನಿ ಅಂತ?"

ಮನೆಯ ಯಜಮಾನರು ಟವೆಲಿನಿಂದ ಕತ್ತು ಒರೆಸಿಕೊಂಡರು. "ನಾನೇ ಹೇಳ್ದೆ ಕಣಮ್ಮ" ಎಂದರು. "ಫೋನ್ ನಿಲ್ಲಲಿ ಅಂತ."

ಅತ್ತೆ ಅವರನ್ನು ಬೈಯಲಿಲ್ಲ. ಟೀಚರಮ್ಮನಿಗೆ ಹೊಸ ನಂಬರು ಹೇಳಿ, ಬರೆದುಕೊಂಡರಾ ಎಂದು ಎರಡು ಸಲ ಕೇಳಿ, ನಾಳಿದ್ದು ಕಡೂರಿನ ಬಸ್ಸಿಗೆ ಹಿಟ್ಟು ಹಾಕುತ್ತೇನೆ ಎಂದು ಮಾತು ಕೊಟ್ಟು ಫೋನ್ ಇಟ್ಟರು. ಇಟ್ಟ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಆ ಮನೆಯಾಕೆ ಮತ್ತೆ ನೀರು ತಂದರು.

ನಾನು ಮೊಬೈಲ್ ತೆರೆದು ನೋಂದಣಿ ಸಂಖ್ಯೆ ಹಾಕಿ ಒತ್ತಿದೆ. ಯಜಮಾನರ ಫೋನು ಕುಂಯ್ ಎಂದಿತು. ಅತ್ತೆ ಅದನ್ನು ಅವರ ಕೈಯಿಂದ ತಗೊಂಡು ತಾವೇ ಹಿಡಿದು ಅಂಕಿಗಳನ್ನು ಒಂದೊಂದಾಗಿ ಹೇಳಿದರು. ನೋಂದಣಿಯ ಪುಟ ತೆರೆದುಕೊಂಡಿತು. ತಿದ್ದುಪಡಿ ಒಂದು ಕಡೆ, ರದ್ದತಿ ಒಂದು ಕಡೆ. ನನ್ನ ಬೆರಳು ಮೇಲೇ ನಿಂತಿತು. ಹೆಸರು ಅವರದು. ಅವರು ಹೇಳದೆ ಒತ್ತುವ ಹಕ್ಕು ನನಗಿರಲಿಲ್ಲ.

"ಏನ್ ನೋಡ್ತಿದೀಯೇ ಮಂಕು ಬಡ್ದೋಳ ಹಂಗೆ?" ಎಂದು ಬೈದರು ಅತ್ತೆ, ಎಷ್ಟೋ ತಿಂಗಳ ಮೇಲೆ. "ತಿದ್ದು. ತಾಲ್ಲೂಕು ಆಮೇಲೆ ನೋಡ್ಕೊಳ್ಳೋಣ, ಫೋನ್ ನಂಬರ್ ಮೊದ್ಲು ಹಾಕು."