ಅಕ್ಕನ ನೋವಿಗೆ ನಾನು ಬರೆದ ಜ್ವರ

ಅಕ್ಕನ ನೋವನ್ನು ಅವಳು ಹೇಳಿದಂತೆ ನಾನು ಬರೆಯಲಿಲ್ಲ. ಬರೆಯಲು ಬರುವುದಿಲ್ಲ ಎಂದೂ ಹೇಳಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ಕಾಲ. ನಾವು ಸುರಪುರದಲ್ಲಿದ್ದೆವು. ಯಾದಗಿರಿಯ ದವಾಖಾನೆಯ ಡಾಕ್ಟರಮ್ಮ ಪರದೇಶದವಳು, ಕನ್ನಡ ಅಷ್ಟಿಷ್ಟು ಆಡುತ್ತಿದ್ದರೂ ಇಂಗ್ಲಿಷ್ ಬಿಟ್ಟರೆ ಬೇರೆ ಓದಲು ಬಾರದು. ಹತ್ತಿ ಹೇರಿಕೊಂಡು ಆ ಕಡೆ ಹೋಗುವ ಬಂಡಿಯವರ ಕೈಯಲ್ಲಿ ರೋಗದ ಚೀಟಿ ಕೊಟ್ಟರೆ, ಮರಳುವಾಗ ಔಷಧದ ಸೀಸೆ ತರುತ್ತಿದ್ದರು. ನಮ್ಮ ಓಣಿಯ ಚೀಟಿ ಬರೆಯುವವನು ನಾನು. ನಾಲ್ಕು ತರಗತಿ ಓದಿದ್ದ ನನಗೆ ಬರುತ್ತಿದ್ದುದು ಮಾಸ್ತರರು ಬಾಯಿಪಾಠ ಮಾಡಿಸಿದ್ದ ರಜೆ ಅರ್ಜಿಯ ಒಂದು ಸಾಲು: ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್.’ ಜ್ವರದಿಂದ ನರಳುತ್ತಿದ್ದೇನೆ ಎಂದು. ಹೆಚ್ಚಿನವರಿಗೆ ಜ್ವರವೇ ಇರುತ್ತಿತ್ತು, ನನ್ನ ವಿದ್ಯೆ ನಡೆದುಹೋಗಿತ್ತು.

ದಸರೆಗೆ ದೋರನಹಳ್ಳಿಯ ಗಂಡನ ಮನೆಯಿಂದ ಬಂದ ಅಕ್ಕ ಹೊಟ್ಟೆ ಹಿಡಿದುಕೊಂಡು ಕುಳಿತಳು.

“ಬರಿ ತಮ್ಮಾ. ಕಿಬ್ಬೊಟ್ಟಿ ಒಳಗ ಹಗ್ಗ ಹೊಸದಂಗ ಆಗ್ತದ. ಮುಟ್ಟಾದಾಗಂತೂ ಜೀವಾನೇ ಹೋಗ್ತದ.”

ತಮ್ಮನ ಮುಂದೆ ಯಾವ ಹೆಣ್ಣುಮಗಳೂ ಆಡದ ಮಾತು. ತಲೆ ತಗ್ಗಿಸಿ ಅದೇ ಹಳೆಯ ಸಾಲು ಗೀಚಿದೆ, ಕೊನೆಗೆ ‘ವೆರಿ ಮಚ್’ ಎಂದು ಸೇರಿಸಿದೆ.

“ಹಗ್ಗದ್ದೂ ಬರದಿಯೇನು?”

“ಬರದೀನಿ.”

“ಇಷ್ಟ ಸಣ್ಣ ಸಾಲಿನಾಗ?”

“ಇಂಗ್ಲಿಷ್ ಹಂಗೇ ಇರ್ತದ.”

ಜ್ವರದ ಕಹಿ ಔಷಧ ಬಂತು. ಕುಡಿದಳು, ವಾಂತಿ ಮಾಡಿಕೊಂಡಳು, ಮತ್ತೆ ಚೀಟಿ ಬರೆಸಿದಳು. ಸಂಕ್ರಾಂತಿಯವರೆಗೂ ಹೀಗೇ ನಡೆಯಿತು. ಒಂದು ದಿನ ಬಾವಿಯ ಹತ್ತಿರ ಎಚ್ಚರ ತಪ್ಪಿ ಬಿದ್ದಳು. ಅವ್ವ ಚೀಟಿಯ ಮಾತೇ ಎತ್ತದೆ ಅವಳನ್ನು ಹತ್ತಿಯ ಬಂಡಿಯಲ್ಲಿ ಮಲಗಿಸಿಕೊಂಡು ಹೊರಟಳು.

ದವಾಖಾನೆಯಲ್ಲಿ ಅಕ್ಕ ಮಾತೇ ಆಡಲಿಲ್ಲವಂತೆ. ಸೆರಗನ್ನು ಎರಡೂ ಕೈಯಿಂದ ಹಿಂಡಿ ತೋರಿಸಿದಳಂತೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಗಡ್ಡೆ ಇದೆಯೆಂದು ಕೊಯ್ದು ತೆಗೆದಳು.

ಅಕ್ಕ ಮರಳಿದ ದಿನ ಯಾರ ಕೈಯನ್ನೂ ಹಿಡಿಯದೆ ಬಂಡಿಯಿಂದಿಳಿದಳು. ನಾನು ಎತ್ತಿನ ಮರೆಗೆ ಹೋಗಿ ಕಣ್ಣೊರೆಸಿಕೊಂಡೆ. ಎದೆ ಅಷ್ಟು ಹಗುರಾದದ್ದು ಅದಕ್ಕೂ ಮೊದಲು ನೆನಪಿಲ್ಲ.

ಅಂದು ಅವಳು ಎರಡು ರೊಟ್ಟಿ ಉಂಡಳು. ಕೈ ತೊಳೆಯುತ್ತ ಕೇಳಿದಳು: “ಸುರಪುರದಾಗ ಎಲ್ಲಾರಿಗೂ ಜ್ವರಾನೇ ಬರ್ತದೇನು ಅಂತ ಡಾಕ್ಟರಮ್ಮ ಕೇಳಿದ್ಲು. ಏನಂತ ಹೇಳ್ಬೇಕಿತ್ತೋ, ಮಾಸ್ತರಾ?”

ಅವಳು ನಗುತ್ತಿದ್ದಳು. ನನಗೆ ನಗಲಾಗಲಿಲ್ಲ.

“ತಪ್ಪಾತು ಅಕ್ಕಾ,” ಎಂದೆ. “ನನಗ ಬರಂಗಿಲ್ಲ ಅಂತ ಅಂದಿದ್ರ, ನೀ ದಸರಿಗೇ ಬಂಡಿ ಹತ್ತತಿದ್ದಿ.”