ಸಿದ್ಧಕಟ್ಟೆ ರಸ್ತೆಯ ಕಫೀಲ್

ಫರಂಗಿಪೇಟೆಯ ಹನೀಫಾರ ಕೈಗೆ ಮೈಕ್ ಕೊಟ್ಟರೆ ಅವರು ಜುಬೈಲಿಗೆ ಹೋಗದೆ ಕೆಳಗಿಳಿಯುವವರಲ್ಲ. ರಕ್ತದಾನ ಶಿಬಿರವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಎರಡನೇ ನಿಮಿಷಕ್ಕೆ ಅವರು ಸೌದಿ ತಲುಪಿರುತ್ತಾರೆ, ಐದನೇ ನಿಮಿಷಕ್ಕೆ ಕಫೀಲ್ ಬರುತ್ತಾನೆ. ಕಫೀಲ್ ಎಂದರೆ ಅಲ್ಲಿ ಕೆಲಸಕ್ಕಿಟ್ಟುಕೊಂಡ ಧಣಿ. ಅವನ ಅಪ್ಪಣೆಯಿಲ್ಲದೆ ಕೆಲಸದವನು ಊರಿಗೆ ಹೊರಡುವಂತಿರಲಿಲ್ಲ. ಹನ್ನೆರಡು ವರ್ಷ ಹನೀಫಾರ ಪಾಸ್‌ಪೋರ್ಟ್ ಆ ಮನುಷ್ಯನ ಕಬ್ಬಿಣದ ಕಪಾಟಿನಲ್ಲಿತ್ತು. ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಕಫೀಲ್ ಕಪಾಟಿನ ಬೀಗದಕೈಯನ್ನು ಜೇಬಿಗಿಳಿಸಿಕೊಂಡು ಲಂಡನ್ನಿಗೆ ಹೋಗಿದ್ದ. ಹನೀಫಾ ಊರು ಮುಟ್ಟುವಾಗ ಕಬರಿನ ಮಣ್ಣು ಒಣಗಿತ್ತು. ಇದು ನಿಜ, ಇದರಲ್ಲಿ ನಗುವಂಥದ್ದೇನೂ ಇಲ್ಲ.

ನಗು ಬರುವುದು ಮುಂದಿನದಕ್ಕೆ. ಊರಿಗೆ ಮರಳಿದ ಹನೀಫಾ ಸಿದ್ಧಕಟ್ಟೆ ರಸ್ತೆಯಲ್ಲಿ ಇಂಟರ್‌ಲಾಕ್ ಇಟ್ಟಿಗೆ ಮಾಡುವ ಶೆಡ್ ಹಾಕಿದರು. ಆ ಕೆಲಸಕ್ಕೆ ಊರಿನವರು ಬರುವುದಿಲ್ಲ. ಊರಿನವರು ಗಲ್ಫಿನಲ್ಲಿ ಅದೇ ಕೆಲಸ ಮಾಡುತ್ತಿದ್ದಾರೆ. ಹಾಗಾಗಿ ಅಸ್ಸಾಮಿನಿಂದ ಏಳು ಜನ ಬಂದರು. ಬಂದ ದಿನವೇ ಹನೀಫಾ ಅವರ ಆಧಾರ್ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ, ಜುಬೈಲಿನಿಂದ ತಂದಿದ್ದ ಬಿಸ್ಕತ್ತಿನ ಡಬ್ಬಿಗೆ ತುಂಬಿ, ಮನೆಯ ಕಪಾಟಿನಲ್ಲಿಟ್ಟು ಬೀಗ ಜಡಿದರು. ಎಲ್ಲ ಜೋಪಾನಕ್ಕೆ. ಶೆಡ್ಡಿನಲ್ಲಿ ನೀರು, ಸಿಮೆಂಟು, ಕಾರ್ಡು ಹಾಳಾಗಬಾರದಲ್ಲ. ಹೆಂಡತಿ ಜುವೈರಿಯಾ ಒಮ್ಮೆ ಕಪಾಟು ತೆರೆದಿದ್ದಾಗ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಈ ಬುದ್ಧಿ ಎಲ್ಲಿಂದ ಬಂತು ಎಂದು ಕೇಳಿದ್ದರು. ಹನೀಫಾ ಜವಾಬ್ದಾರಿ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿದರು.

ಚಾ ಕುಡಿಯುವ ಹೊತ್ತಿಗೆ ಶೆಡ್ಡಿನಲ್ಲೂ ಜುಬೈಲಿನ ಕತೆ ನಡೆಯುತ್ತಿತ್ತು. ಹರಕು ಹಿಂದಿ, ಹರಕು ಕನ್ನಡ, ನಡುವೆ ನಡುವೆ ಕಫೀಲ್. ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಿದ್ದವನು ಅಜ್ಮಲ್. ಕತೆ ಕೇಳಿ ಕೇಳಿ ಅವನು ಕನ್ನಡ ಕಲಿತ. ಊರಿನಲ್ಲಿ ಅವನ ಹೆಂಡತಿ ಹೆತ್ತು ಮೂರು ತಿಂಗಳಾಗಿತ್ತು. ಮಗಳ ಮುಖವನ್ನು ಅವನು ಮೊಬೈಲಿನಲ್ಲಿ ಮಾತ್ರ ನೋಡಿದ್ದ. ಅವನ ಹಾಗೆ ಬಂಗಾಳಿ ಮಾತಾಡುವವರನ್ನೆಲ್ಲ ಬಾಂಗ್ಲಾದ ಗಡಿ ದಾಟಿ ಬಂದವರೆಂದು ನಿಲ್ಲಿಸಿ ಕೇಳುವ ಕಾಲ, ಕಾರ್ಡಿಲ್ಲದೆ ರೈಲು ಹತ್ತುವ ಧೈರ್ಯ ಅವನಿಗಿರಲಿಲ್ಲ. ಎರಡು ಸಲ ಕಾರ್ಡು ಕೇಳಿದ.

"ಮೂಡುಬಿದಿರೆಯ ಆರ್ಡರ್ ಒಂದು ಮುಗೀಲಿ ಮಾರಾಯ," ಎಂದರು ಹನೀಫಾ ಎರಡು ಸಲವೂ. "ಕಾರ್ಡು ಎಲ್ಲಿಗೆ ಓಡಿ ಹೋಗ್ತದೆ?"

ಓಡುವ ಭಯವಿದ್ದದ್ದು ಕಾರ್ಡಿನದ್ದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಇಷ್ಟರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಊರಿನ ಸಜ್ಜನರು ಸೇರಿ ವಲಸೆ ಕಾರ್ಮಿಕರ ಪರವಾಗಿ ಒಂದು ಸಮಿತಿ ಕಟ್ಟಿದರು. ಮೊದಲ ಸಭೆ ಸಮಿತಿಗೆ ಹೆಸರಿಡುವುದರಲ್ಲೇ ಮುಗಿಯಿತು. ಎರಡನೆಯದು ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲೆ ಎಂಬುದರಲ್ಲಿ. ಮೂಡುಬಿದಿರೆಯ ಜವಳಿ ವ್ಯಾಪಾರಿ ಧರ್ಮಪಾಲರು ಅಧ್ಯಕ್ಷರಾದರು, ಶಾಲುಗಳ ಚಿಂತೆ ತಪ್ಪಿತು. ಸಮಿತಿಯಲ್ಲಿ ವಲಸೆ ಕಾರ್ಮಿಕ ಒಬ್ಬನೂ ಇರಲಿಲ್ಲ, ಏಕೆಂದರೆ ಸಭೆ ಭಾನುವಾರ, ಅವರಿಗೆ ಭಾನುವಾರವೂ ಕೆಲಸ. ಅನುಭವಸ್ಥರೆಂದು ಹನೀಫಾ ಉಪಾಧ್ಯಕ್ಷರಾದರು.

ಕೆಲಸಕ್ಕೆ ಬರುವ ಮಾತು ಆಡಿದ್ದು ಬೆಳ್ತಂಗಡಿಯ ಉಪನ್ಯಾಸಕಿ ಸಾಧನಾ ಒಬ್ಬಳೇ. ಕಾರ್ಮಿಕರ ಮೂಲ ದಾಖಲೆ ನೋಡಿ, ವಕೀಲರ ಸಹಿ ಹಾಕಿಸಿ ಒಂದು ಪತ್ರ ಕೊಡುವ, ದಾರಿಯಲ್ಲಿ ಯಾರಾದರೂ ತಡೆದರೆ ತೋರಿಸಲಿಕ್ಕಾಗುತ್ತದೆ ಎಂದಳು. ಹಾಗೆ ಮೆಲ್ಕಾರಿನ ಸಭಾಭವನವೊಂದರಲ್ಲಿ ಶಿಬಿರ ಗೊತ್ತಾಯಿತು. ಹನೀಫಾ ತಮ್ಮ ಏಳು ಜನರಿಗೂ ರಜೆ ಕೊಟ್ಟು ಪಿಕಪ್ಪಿನಲ್ಲಿ ಕರೆತಂದರು. ಕುರ್ಚಿ ತುಂಬಬೇಕಲ್ಲ. ಶಿಬಿರ ಬೇರೆ ಧಣಿಗಳ ಕೆಲಸದವರಿಗೆ ಎಂದೇ ಅವರು ತಿಳಿದಿದ್ದರು. ತಮ್ಮವರು ಮನೆಯ ಮಕ್ಕಳ ಹಾಗೆ, ಅವರಿಗೇನು ತೊಂದರೆ?

ಭಾಷಣ ಎಂದಿಗಿಂತ ಚೆನ್ನಾಗಿ ಬಂತು. ಕಪಾಟು, ಲಂಡನ್, ಕಬರು ಎಲ್ಲ ಬಂದು ಹೋದವು. ಹನೀಫಾರ ಕಣ್ಣು ನಿಜವಾಗಿಯೇ ತುಂಬಿತು. ಕೊನೆಗೆ ಅವರ ಖಾಯಂ ಮಾತು: "ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಕೂಡ ನಾನು ಅವನ ಎದುರು ನಿಂತು 'ಹೋಗ್ಲಾ?' ಅಂತ ಕೇಳಿದ್ದೇನೆ. ಮನುಷ್ಯ ಹಾಗೆ ಆಗಿಬಿಡ್ತಾನೆ."

ಜನ ನಗುವುದು ಯಾವತ್ತೂ ಅಲ್ಲಿಯೇ. ಅವತ್ತೂ ನಕ್ಕರು, ಚಪ್ಪಾಳೆ ತಟ್ಟಿದರು. ಧರ್ಮಪಾಲರು ಶಾಲು ಹೊದಿಸಿದರು. ಶಾಲಿನ ಸಮೇತ ಹನೀಫಾ ಫೋಟೋಕ್ಕೆಂದು ಸಾಧನಾ ಕುಳಿತ ಮೇಜಿನ ಬಳಿಗೆ ಬಂದರು. ಅಲ್ಲಿ ಸರತಿಯ ಮೊದಲಿಗನಾಗಿ ಅಜ್ಮಲ್ ನಿಂತಿದ್ದ. ಸಾಧನಾ ಒರಿಜಿನಲ್ ಕಾರ್ಡು ಕೇಳಿದಳು.

"ಕಫೀಲ್ ಹತ್ರ ಉಂಟು," ಎಂದ ಅಜ್ಮಲ್.

ಇವನೂ ಗಲ್ಫಿಗೆ ಹೋಗಿ ಬಂದವನಿರಬೇಕು ಎಂದುಕೊಂಡ ಸಾಧನಾ ಯಾವ ದೇಶದಲ್ಲಿದ್ದಿರಿ ಎಂದು ವಿಚಾರಿಸಿದಳು. ಅಜ್ಮಲ್ ಸಿದ್ಧಕಟ್ಟೆ ಎಂದ. ಕೈ ಎತ್ತಿ ಹನೀಫಾರನ್ನು ತೋರಿಸಿದ. ಹಿಂದಿನ ಆರು ಜನರೂ ತಲೆಯಾಡಿಸಿದರು. ಸಾಧನಾಳ ಮುಖ ನೋಡಿ ಅವನಿಗೆ ತನ್ನ ಕನ್ನಡದ ಮೇಲೆಯೇ ಸಂಶಯ ಬಂತು.

"ಇಲ್ಲಿ ಧಣಿಗೆ ಹಾಗೆಯೇ ಅಲ್ವಾ ಹೇಳುದು?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಕಾಗದ ಇಟ್ಟುಕೊಳ್ಳುವವನೇ ಕಫೀಲ್ ಎಂದು ಹತ್ತು ತಿಂಗಳು ದಿನವೂ ಪಾಠ ಹೇಳಿದ್ದು ಯಾರು? ಹನೀಫಾ ಮೊಬೈಲ್ ತೆಗೆದು ಮೂಲೆಗೆ ಹೋಗಿ, ಡಬ್ಬಿಯನ್ನು ಯಾರ ಕೈಯಲ್ಲಾದರೂ ಕೂಡಲೇ ಕಳಿಸು ಎಂದು ಜುವೈರಿಯಾರಿಗೆ ಹೇಳಿದರು.

"ಕಪಾಟಿನ ಬೀಗದಕೈ ನಿಮ್ಮ ಜೇಬಲ್ಲೇ ಉಂಟಲ್ಲ," ಎಂದರು ಜುವೈರಿಯಾ.

ಹೌದು, ಜೇಬಲ್ಲೇ ಇತ್ತು. ಶಾಲು ತೆಗೆಯಲೂ ನೆನಪಾಗದೆ ಹನೀಫಾ ಪಿಕಪ್ ಹತ್ತಿದರು. ಹೋಗಿ ಬರಲು ಒಂದು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಧರ್ಮಪಾಲರು ಸಣ್ಣದೊಂದು ತಾಂತ್ರಿಕ ತೊಂದರೆ ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು, ಫೋಟೋ ತೆಗೆಯುವವನನ್ನು ಊಟಕ್ಕೆ ಕಳಿಸಿದರು.

ಮರಳಿ ಬಂದ ಹನೀಫಾ ಡಬ್ಬಿ ತೆರೆದು ಒಂದೊಂದೇ ಕಾರ್ಡನ್ನು ಅವರವರ ಕೈಗೆ ಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಜವಾಬ್ದಾರಿಯ ಬಗ್ಗೆ ಹೇಳಬಹುದಿತ್ತು. ಅಜ್ಮಲನ ಪತ್ರಕ್ಕೆ ವಕೀಲರ ಸಹಿ ಬಿತ್ತು. ಅವನು ಪತ್ರ ಮಡಚಿ, ಕಾರ್ಡಿನ ಜೊತೆ ಅಂಗಿಯ ಕಿಸೆಯಲ್ಲಿಟ್ಟು, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವನು ತಿರುಗಿ ಹನೀಫಾರ ಎದುರು ಬಂದು ನಿಂತ.

"ಕಫೀಲ್, ಊರಿಗೆ ಹೋಗ್ಲಾ?"

ಅಭ್ಯಾಸಬಲದಿಂದ ಹನೀಫಾ ಸಭೆಯತ್ತ ನೋಡಿದರು. ಯಾರೂ ನಗಲಿಲ್ಲ. ಅಜ್ಮಲ್ ಉತ್ತರಕ್ಕಾಗಿ ಕಾಯುತ್ತ ನಿಂತೇ ಇದ್ದ.