ಎಡಗಡೆಯನ್ನು ಹುಡುಕಿಕೊಂಡ ಮಾಸ್ಟರಮ್ಮ

ಬೀದಿದೀಪ ಇನ್ನೂ ಆರಿಲ್ಲ. ಹೊಲಿಗೆ ಅಂಗಡಿಯ ಶಟರ್ ಅರ್ಧಕ್ಕೆ ಎದ್ದು ನಿಂತಿದೆ. ಒಳಗೆ ಒಂದೇ ಟ್ಯೂಬ್‌ಲೈಟು. ಅದರ ಕೆಳಗಿನ ಉದ್ದನೆಯ ಮೇಜಿನ ಸುತ್ತ ಒಬ್ಬ ಹೆಂಗಸು ನಿಧಾನವಾಗಿ ಸುತ್ತುತ್ತಿದ್ದಾರೆ. ಬಲಗೈಯಲ್ಲಿ ಚಾಕ್, ಕುತ್ತಿಗೆಯಲ್ಲಿ ಅಳತೆ ಟೇಪು, ಕಿವಿಯಲ್ಲಿ ಹತ್ತಿ. ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ, ಪದರದ ಮೇಲೆ ಪದರ, ನಿದ್ದೆ ಹೋದ ಕೆರೆಯಂತೆ ಹರಡಿಕೊಂಡಿದೆ. ಒಂದು ಸುತ್ತು ಮುಗಿಸಿ ನಿಲ್ಲುತ್ತಾರೆ, ಏನೋ ನೆನಪಾದವರಂತೆ ಮತ್ತೆ ಹೊರಡುತ್ತಾರೆ.

"ಹೊರಡ್ತು ನೋಡು ಗಾಣದ ಎತ್ತು," ಎಂದು ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿನ ಮುಂದೆ ಕೂತ ಗೆಳತಿ ನಗುತ್ತಾರೆ.

"ಎಣ್ಣೆ ಬಂದ್ರೆ ನಿಂಗೂ ಒಂದು ಸೌಟು ಕೊಡ್ತೀನಿ, ಸುಮ್ನಿರೇ."

ಬಟ್ಟೆಗೆ ಗುರುತು ಹಾಕಿ ಕತ್ತರಿಸುವವರನ್ನು ಹೊಲಿಗೆಯವರು ಮಾಸ್ಟರ್ ಅನ್ನುತ್ತಾರೆ. ಈ ಅಂಗಡಿಯಲ್ಲಿ ಕತ್ತರಿ ಹಿಡಿದ ಮೊದಲ ಹೆಂಗಸು ಇವರೇ. ಹಾಗಾಗಿ ಎಲ್ಲರ ಬಾಯಲ್ಲೂ ಮಾಸ್ಟರಮ್ಮ. ಎರಡು ವರ್ಷದ ಹಿಂದೆ ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸುವಾಗ ಸ್ಟೂಲು ಜಾರಿತು. ತಲೆಯ ಬಲಭಾಗ ಮೇಜಿನ ಅಂಚಿಗೆ ಬಡಿಯಿತು. ಮಿದುಳಿನಲ್ಲಿ ರಕ್ತಸ್ರಾವ, ಆಪರೇಷನ್, ಎಚ್ಚರವಿಲ್ಲದ ಎಷ್ಟೋ ದಿನ. ಚೇತರಿಸಿಕೊಂಡು ಅಂಗಡಿಗೆ ಮರಳಿದ ಮೇಲೆ ಅವರಿಗೆ ಸಿಕ್ಕಿದ್ದು ಗುಂಡಿ ಹಚ್ಚುವ ಕೆಲಸ ಮಾತ್ರ. ಇವತ್ತು ಮೊದಲ ಸಲ ಮಾಲೀಕರು ನಿಜವಾದ ಆರ್ಡರಿನ ಬಟ್ಟೆ ಕೊಟ್ಟಿದ್ದಾರೆ. ಕಾವಲುಗಾರರ ಅಂಗಿಗಳು. ಸರಿಬಂದರೆ ಮೇಜು ಮತ್ತೆ ಅವರದು. ತಪ್ಪಿದರೆ ಅಷ್ಟೂ ಪದರ ಚಿಂದಿ, ಅವರು ವಾಪಸು ಗುಂಡಿಯ ಡಬ್ಬಿಗೆ.

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಜ ಮೆಚ್ಚಿದರೆ ಅರ್ಧ ರಾಜ್ಯ ಕೊಟ್ಟುಬಿಡುತ್ತಾನೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮಾಸ್ಟರಮ್ಮನ ಪಾಲಿಗೂ ಉಳಿದದ್ದು ಅರ್ಧ ರಾಜ್ಯ, ಬಲಗಡೆಯದು. ಕಣ್ಣಿಗೆ ಏನೂ ಆಗಿರಲಿಲ್ಲ. ಎಡಗಡೆ ಅನ್ನುವುದೊಂದು ಇದೆ ಎಂಬುದನ್ನೇ ಮಿದುಳು ಮರೆತಿತ್ತು. ಕತ್ತಲಾಗಿದ್ದರೆ ತಡಕಾಡಬಹುದಿತ್ತು. ಇಲ್ಲವೇ ಇಲ್ಲ ಅನ್ನಿಸಿದ್ದನ್ನು ಯಾರು ಹುಡುಕುತ್ತಾರೆ?

"ಇಡೀ ದಿನ ಇವಳ ಎಡಗಡೆ ಕೂತಿರ್ತಿದ್ದೆ," ಎನ್ನುತ್ತಾರೆ ಅವರ ಗಂಡ. ಗೋಡೆಗೆ ಬಣ್ಣ ಬಳಿಯುವ ಪೇಂಟರ್ ಅವರು. ಹೆಂಡತಿಯನ್ನು ರಸ್ತೆ ದಾಟಿಸಿ ಅಂಗಡಿಗೆ ಬಿಟ್ಟೇ ತಮ್ಮ ಕೆಲಸಕ್ಕೆ ಹೋಗುವುದು. "ಇವಳು ನರ್ಸಮ್ಮನ ಹತ್ರ ದೂರು ಹೇಳ್ತಿದ್ಳು, 'ನಮ್ಮನೆಯವ್ರು ಒಂದಿನಾನೂ ಈ ಕಡೆ ತಲೆ ಹಾಕ್ಲಿಲ್ಲ' ಅಂತ. ನಾನು ಪಕ್ಕದಲ್ಲೇ ಇದ್ದೀನಿ!"

"ನೀವು ಬಾಯಿ ಬಿಟ್ಟಿದ್ರೆ ತಾನೇ ಗೊತ್ತಾಗೋದು," ಮೇಜಿನ ಆಚೆಯಿಂದ ಥಟ್ಟನೆ ಉತ್ತರ ಬರುತ್ತದೆ.

ಮನೆಗೆ ಬಂದ ಮೇಲೆ ತಟ್ಟೆಯ ಬಲ ಅರ್ಧವಷ್ಟೇ ಖಾಲಿಯಾಗುತ್ತಿತ್ತು. 'ಇಷ್ಟೇನಾ' ಎಂದು ಅವರು ಮುಖ ಸಣ್ಣದು ಮಾಡಿದರೆ ಗಂಡ ಮಾತಾಡದೆ ತಟ್ಟೆಯನ್ನು ತಿರುಗಿಸಿ ಇಡುತ್ತಿದ್ದರು. "ಎರಡನೇ ಸಲ ಬಡಿಸಿದ್ರು ಅನ್ಕೊಂಡು ಎಷ್ಟು ಖುಷಿ ಪಡ್ತಿದ್ದೆ ಗೊತ್ತಾ," ಎಂದು ಮಾಸ್ಟರಮ್ಮ ನಗುತ್ತಾರೆ. ಓದಲು ಕೂತರೆ ಪದಗಳ ಎಡ ತುದಿಯೂ ಮಾಯ. 'ಅರಮನೆ' ಬರೀ 'ಮನೆ' ಆಗುತ್ತಿತ್ತು. ಆಸ್ಪತ್ರೆಯಿಂದ ತರಬೇತಿ ಕೊಡಲು ಬರುತ್ತಿದ್ದ ಹುಡುಗಿ 'ಅವಿವೇಕಿ' ಎಂದು ಬರೆದರೆ ಇವರು 'ವಿವೇಕಿ' ಎಂದು ಓದುತ್ತಿದ್ದರು. "ನಿಮ್ಮ ಕಣ್ಣಲ್ಲಿ ಊರೋರೆಲ್ಲ ಬುದ್ಧಿವಂತರಾಗ್ಬಿಟ್ರಲ್ಲ ಆಂಟಿ," ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳಂತೆ. ಅವಳ ಸಲಹೆಯಂತೆ ಗಂಡ ಬಾಗಿಲು, ಕನ್ನಡಿ, ಊಟದ ಮೇಜು ಎಲ್ಲದರ ಎಡ ಅಂಚಿಗೂ ಕೆಂಪು ಪಟ್ಟಿ ಬಳಿದರು. ಕೆಂಪು ಸಿಗುವವರೆಗೂ ಕತ್ತು ತಿರುಗಿಸುತ್ತಲೇ ಇರಬೇಕು. ಅದೇ ಪಾಠ.

ಸ್ವಲ್ಪ ಸುಧಾರಿಸಿದ ಮೇಲೆ ಒಂದು ದಿನ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಅಂಗಿ ಕತ್ತರಿಸಲು ಕೂತರು. ಬಂದದ್ದು ಒಂಟಿ ತೋಳಿನ ಅಂಗಿ. ಗಂಡ ಎತ್ತಿ ತೋರಿಸುವವರೆಗೂ ಅವರ ಮಟ್ಟಿಗೆ ಅದು ಪೂರ್ತಿ ಅಂಗಿಯೇ.

"ಕತ್ತರಿ ಬಿಸಾಕ್ಬಿಟ್ಟೆ. ತಲೆ ಒಡೆದಿದ್ದಕ್ಕೂ ನಾನು ಅತ್ತಿರ್ಲಿಲ್ಲ, ಆ ಕಾಗದ ನೋಡಿ ಅತ್ತೆ. ತೋಳು ಬಿಟ್ಟಿದ್ದಕ್ಕಲ್ಲ. ಬಿಟ್ಟಿದ್ದೀನಿ ಅಂತ ನಂಗೇ ತಿಳೀದೆ ಹೋಯ್ತಲ್ಲ, ಅದಕ್ಕೆ."

ದಾರಿ ಸಿಕ್ಕಿದ್ದು ಕಸುಬಿನೊಳಗೇ. ಬಟ್ಟೆಯನ್ನು ನಡುವೆ ಮಡಚಿ, ಅರ್ಧ ಅಂಗಿಗಷ್ಟೇ ಗುರುತು ಹಾಕಿ ಕತ್ತರಿಸಿದರೆ, ಬಿಡಿಸಿದಾಗ ಎರಡೂ ಬದಿ ಸಿದ್ಧವಾಗಿರುತ್ತವೆ. ಎಲ್ಲ ಟೈಲರ್‌ಗಳಿಗೂ ಗೊತ್ತಿರುವುದೇ. ಮಾಸ್ಟರಮ್ಮನಿಗೆ ಮಾತ್ರ ಅದು ಹೊಸದಾಗಿ ಕಂಡಿತು.

"ಮಡಚಿದ್ರೆ ಎಡಗಡೆ ಬಂದು ಬಲಗಡೆ ಕೆಳಗೆ ಬಚ್ಚಿಟ್ಕೊಳ್ಳತ್ತೆ. ನಾನು ಬಲಾನ ಹಿಡಿದ್ರೆ ಕಳ್ಳ ಎಡಾನೂ ಸಿಕ್ಕಿಬೀಳತ್ತೆ!" ಮಡಚಲಾಗದ ಮೇಜಿಗೆ ಏನು ಮಾಡುತ್ತೀರಿ ಎಂದು ಕೇಳಿದರೆ, "ಅದಕ್ಕೇ ಈ ಸುತ್ತು. ಆ ಕಡೆ ಹೋಗಿ ನಿಂತ್ರೆ ನನ್ನ ಎಡವೇ ಬಲ ಆಗತ್ತೆ."

ಎಲ್ಲ ಸರಿಹೋಗಿದೆ ಎಂದಲ್ಲ. ಎಡಗೈಗೆ ಇನ್ನೂ ಬಲ ಸಾಲದು, ಸ್ಕೇಲನ್ನು ಮೊಣಕೈಯಿಂದ ಒತ್ತಿ ಹಿಡಿಯುತ್ತಾರೆ. ಮೆಷಿನ್ನುಗಳ ಸದ್ದು ತಲೆಯೊಳಗೆ ಮೊಳೆ ಹೊಡೆದಂತಾಗುತ್ತದೆ. ಅದಕ್ಕೇ ಕಿವಿಗೆ ಹತ್ತಿ, ಅದಕ್ಕೇ ಉಳಿದ ಮೆಷಿನ್ನಿನವರು ಬರುವ ಮೊದಲೇ ಬರುವುದು. ಮಧ್ಯಾಹ್ನವಾದರೆ ಥಾನುಗಳ ಮರೆಯಲ್ಲಿ ಮಲಗಲೇಬೇಕು. ಕೆಲವು ದಿನ ಸುಮ್ಮಸುಮ್ಮನೆ ಸಿಡುಕುತ್ತಾರೆ, ಆಮೇಲೆ ತಾವೇ ಹೋಗಿ ಮಾತಾಡಿಸುತ್ತಾರೆ.

ಬೆಳಕು ಹರಿಯುತ್ತದೆ. ಮಾಲೀಕರು ಬಂದು ಮೇಜಿನ ಪಕ್ಕ ಕೈಕಟ್ಟಿ ನಿಲ್ಲುತ್ತಾರೆ.

"ಎಲ್ಲ ಸರಿ ಇದೆಯಲ್ಲಮ್ಮ. ಹಾಕು ಕತ್ತರಿ."

"ಇರಿ ಸರ್, ಎಡಗಡೆ ಇನ್ನೊಂದ್ಸಲ ನೋಡ್ತೀನಿ."

"ಎರಡು ಸಲ ನೋಡಾಯ್ತಲ್ಲ?"

"ನಿಮಗಾದ್ರೆ ಸಾಕು ಸರ್. ನಂಗೆ ಸಾಲಲ್ಲ."

ಸುತ್ತಿ ಬಂದು ಆ ತುದಿಯಲ್ಲಿ ಬಗ್ಗುತ್ತಾರೆ. ಪದರಗಳನ್ನು ಒಂದೊಂದಾಗಿ ಎತ್ತುತ್ತಾರೆ. ಕೆಳಗಿನಿಂದ ಎರಡನೆಯದು ಒಳಮುಖವಾಗಿ ಮುದುರಿಕೊಂಡಿದೆ. ಹಾಗೇ ಕತ್ತರಿಸಿದ್ದರೆ ಒಂದು ಅಂಗಿಯ ತೋಳು ಗಿಡ್ಡವಾಗುತ್ತಿತ್ತು. ಮಾಲೀಕರೂ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಮಾಸ್ಟರಮ್ಮ ಮುದುರಿದ್ದನ್ನು ಬಿಡಿಸಿ, ಅಂಗೈಯಲ್ಲಿ ತೀಡಿ, ಪಿನ್ನು ಚುಚ್ಚುತ್ತಾರೆ. ಆಮೇಲೆ ದೊಡ್ಡ ಕತ್ತರಿ ಬಾಯಿ ತೆರೆಯುತ್ತದೆ. ಅಂಗಡಿಯಲ್ಲಿ ಅದರ ಕರಕರ ಬಿಟ್ಟು ಬೇರೆ ಸದ್ದಿಲ್ಲ. ಓವರ್‌ಲಾಕ್ ಗೆಳತಿಯೂ ಮೆಷಿನ್ ನಿಲ್ಲಿಸಿದ್ದಾರೆ.

ಕತ್ತರಿಸಿ ಮುಗಿದಾಗ ಮಾಲೀಕರು ತೋಳಿನ ಮೇಲೆ ತೋಳು ಇಟ್ಟು ನೋಡುತ್ತಾರೆ. ಬೆನ್ನಿನ ತುಂಡು ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ಮೂಲೆಗೆ ಹೋಗಿ ಗುಂಡಿಯ ಡಬ್ಬಿ ಎತ್ತಿ ತಂದು ಓವರ್‌ಲಾಕ್ ಮೆಷಿನ್ನಿನ ಪಕ್ಕ ಇಡುತ್ತಾರೆ.

"ಇದು ನಂಗ್ಯಾಕೆ ಸರ್?"

"ಮಾಸ್ಟರಮ್ಮಂಗೆ ಇನ್ನು ಪುರುಸೊತ್ತಿರಲ್ಲ."

ಮಾಸ್ಟರಮ್ಮ ತಲೆ ಎತ್ತುವುದಿಲ್ಲ. ಆಗಲೇ ಒರೆಸಿಟ್ಟ ಕತ್ತರಿಯನ್ನು ಮತ್ತೆ ಒರೆಸುತ್ತಿದ್ದಾರೆ. ಹಾಗಾದರೆ ಎಡಗಡೆ ಪೂರ್ತಿ ವಾಪಸು ಬಂತೇ ಎಂದು ಕೇಳಿದರೆ ಕತ್ತರಿಯನ್ನು ಕೆಳಗಿಡುತ್ತಾರೆ.

"ಎಲ್ಲಿ ಬರತ್ತೆ? ತಾನಾಗಿ ಬರಲ್ಲ. ಕರೆದ್ರೆ ಬರತ್ತೆ. ನಂಗಷ್ಟು ಸಾಕು."

ಮುಂದಿನ ಥಾನು ಬಿಡಿಸಲು ಶುರುಮಾಡುತ್ತಾರೆ. ಗುಂಡಿಯ ಡಬ್ಬಿ ತಮ್ಮ ಪಾಲಿಗೆ ಬಂದ ಸಿಟ್ಟಿಗೋ ಏನೋ, ಗೆಳತಿ ಸದ್ದಿಲ್ಲದೆ ಬಂದು ಮೇಜಿನ ಎಡ ಮೂಲೆಯಿಂದ ಚಾಕ್ ಎತ್ತಿಕೊಳ್ಳುತ್ತಾರೆ. ಮಾಸ್ಟರಮ್ಮನ ಕತ್ತು ನಿಧಾನವಾಗಿ ಆ ಕಡೆ ತಿರುಗುತ್ತದೆ.

"ಕಂಡ್ತು ಕಣೇ. ಇಡು ಕೆಳಗೆ."